ಚೇಂಬರಿನಲ್ಲಿ ಕಚ್ಚಿಕೊಂಡ ಕೇಸು: ಎಆರ್-15 ಜೊತೆ ನನ್ನ ಅನುಭವ

ಎಆರ್-15 ರೈಫಲ್ ಜಾಮ್ ಆದರೆ ಮ್ಯಾಗಜೀನ್ ತಟ್ಟಿ ಹ್ಯಾಂಡಲ್ ಎಳೆಯುವುದು ಎಲ್ಲರಿಗೂ ಗೊತ್ತು. ಇದು ಅದಕ್ಕೂ ಬಗ್ಗದ ಜಾಮ್‌ನ ವಿಷಯ: ಗುಂಡು ಹಾರಿದೆ, ಖಾಲಿ ಕೇಸು (ತೋಟಾದ ಹಿತ್ತಾಳೆ ಕವಚ) ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಬಿಡುತ್ತಿಲ್ಲ, ಆ ಗೂಡು ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆಯುವ ಚಾರ್ಜಿಂಗ್ ಹ್ಯಾಂಡಲ್ ಕಲ್ಲಿನಂತೆ ಕೂತಿದೆ. ಇಲ್ಲಿ ಟೆಕ್ಸಾಸ್‌ನಲ್ಲಿ ರೀಲೋಡ್ ತೋಟಾ (ಹಾರಿಸಿದ ಕೇಸಿಗೇ ಮತ್ತೆ ಮದ್ದು, ಗುಂಡು ತುಂಬಿದ್ದು) ಹೊಡೆಯುವವರಿಗೆ ಹೊಸತೇನಲ್ಲ. ರೇಂಜಿನ ಗೆಳೆಯರೆಲ್ಲ ಬೋಲ್ಟನ್ನು ಹಿಂದಕ್ಕೆ ತಳ್ಳುವ ಗ್ಯಾಸ್‌ನ ಸಮಸ್ಯೆ ಎಂದರು. ಬೋಲ್ಟಿನ ಓಟ ತಡೆಯುವ ಭಾರದ ಬಫರ್, ಬೋಲ್ಟನ್ನು ಹೊರುವ ಹೊಸ ಕ್ಯಾರಿಯರ್ ಎಂದು ಸುಮಾರು 180 ಡಾಲರ್ ಹೋಯಿತು, ಜಾಮ್ ಹೋಗಲಿಲ್ಲ.

ಮೊದಲು ಸದ್ದು ಕೇಳಿ. ಬರೀ ಕ್ಲಿಕ್ ಬಂದರೆ ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಹಾರುವ ತೋಟಾ ಉಂಟು. ಪುಸ್ ಎಂದು ಬಲವಿಲ್ಲದ ಸದ್ದು ಬಂದರೆ ಅವತ್ತಿನ ಹೊಡೆತ ಮುಗಿಯಿತು. ಗುಂಡು ನಳಿಗೆಯಲ್ಲೇ ಇದ್ದರೆ ಮುಂದಿನದು ನಳಿಗೆಯನ್ನೇ ಸೀಳಬಹುದು. ಊರಿನ ಜೋಡುನಳಿಗೆ ಕೋವಿಯಂತೆ ಮಡಚಿ ನೋಡುವ ಅನುಕೂಲ ಇದರಲ್ಲಿಲ್ಲ. ಸೆಲೆಕ್ಟರ್ (ಸೇಫ್ಟಿಯ ಸನ್ನೆ) ಸೇಫ್‌ಗೆ ತಿರುಗದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ, ಪಿನ್ನಿಗೆ ಬಡಿಯುವ ಹ್ಯಾಮರ್ ಏರಿಲ್ಲ ಅಷ್ಟೆ. ಆಗ ಬೆರಳೇ ನಿಮ್ಮ ಸೇಫ್ಟಿ, ಟ್ರಿಗರ್‌ನಿಂದ ದೂರವಿರಲಿ.

ಮ್ಯಾಗಜೀನ್ ತೆಗೆಯಿರಿ. ಭುಜಕ್ಕೆ ಒರಗಿಸುವ ಸ್ಟಾಕನ್ನು ಪೂರ್ತಿ ಒಳಗೆ ತಳ್ಳಿ. ನಾನೊಮ್ಮೆ ಹೊರಗೆಳೆದೇ ಕುಟ್ಟಿ, ಲಾಕ್ ಪಿನ್ ಬಾಗಿಸಿ, ಸುಮಾರು 50 ಡಾಲರ್ ತೆತ್ತೆ. ಒಂದು ಕೈಯಲ್ಲಿ ಹ್ಯಾಂಡಲ್ ಜೋರಾಗಿ ಹಿಂದಕ್ಕೆ ಎಳೆದುಕೊಂಡೇ ಸ್ಟಾಕಿನ ತುದಿಯನ್ನು ನೆಲಕ್ಕೆ ಕುಟ್ಟಬೇಕು. ಎಳೆತ, ಕುಟ್ಟು ಎರಡೂ ಒಂದೇ ಕ್ಷಣಕ್ಕೆ ಬೀಳಬೇಕು. ಬಿಡಿಬಿಡಿಯಾದರೆ ನೂರು ಸಲ ಕುಟ್ಟಿದರೂ ಬರುವುದಿಲ್ಲ. ನಳಿಗೆ ನೆಟ್ಟಗೆ ಆಕಾಶಕ್ಕಲ್ಲ, ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆ ಓರೆಯಾಗಿರಲಿ. ಮುಖ, ಎದೆ, ಕೈ ಯಾವುದೂ ನಳಿಗೆಯ ಬಾಯಿಯ ಎದುರು ಬಾರದು. ಮೊದಲೇ ರೇಂಜ್ ಅಧಿಕಾರಿಯನ್ನು ಕೇಳಿ, ಹಲವು ಕಡೆ ಇದಕ್ಕೆ ಬಿಡುವುದಿಲ್ಲ. ಒಳಗಿರುವುದು ಜೀವಂತ ತೋಟಾ ಎಂದು ಅನುಮಾನವಿದ್ದರೆ ಕುಟ್ಟುವ ಮಾತೇ ಬೇಡ, ಗನ್‌ಸ್ಮಿತ್‌ಗೆ ಕೊಡಿ. ಅಂಥ ತೋಟಾಕ್ಕೆ ಮುಂದಿನಿಂದ ರಾಡ್ ಹಾಕಲೇಬಾರದು.

ಎಕ್ಸ್‌ಟ್ರಾಕ್ಟರ್ (ಕೇಸನ್ನು ಹಿಡಿದೆಳೆಯುವ ಬೋಲ್ಟಿನ ಕೊಕ್ಕೆ) ಕೇಸಿನ ಅಂಚು ಹರಿದುಕೊಂಡು ಬೋಲ್ಟ್ ಮಾತ್ರ ಹಿಂದೆ ಬಂದಿದ್ದರೆ ಲೆಕ್ಕ ಬೇರೆ. ಬೋಲ್ಟ್ ಹಿಂದಕ್ಕೆ ಲಾಕ್ ಮಾಡಿ, ಕೇಸು ಖಾಲಿ ಎಂದು ಖಾತ್ರಿಯಾದ ಮೇಲೆ (ಪ್ರೈಮರ್, ಅಂದರೆ ಕೇಸಿನ ತಳದ ಕಿಡಿ ಬಟ್ಟಲಿನಲ್ಲಿ ಪಿನ್ ಗುರುತಿದ್ದ ಮಾತ್ರಕ್ಕೆ ನಂಬಬೇಡಿ, ಹಾರದ ತೋಟಾದಲ್ಲೂ ಅದು ಇರುತ್ತದೆ) ನಳಿಗೆಯ ಬಾಯಿಯಿಂದ ರಾಡ್ ಇಳಿಸಿ ತಟ್ಟಿದರೆ ಉದುರುತ್ತದೆ. ಕೇಸಿನ ತಳ ಕಿತ್ತು ಮೈ ಮಾತ್ರ ಒಳಗುಳಿದರೆ, ಬಿಗಿಯಾಗುವ ಅಳತೆಯ ಕಂಚಿನ ಬ್ರಷ್ಷು ಅದರೊಳಗೆ ತೂರಿಸಿ ಹಿಂದಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಚೇಂಬರಿಗೆ ಬಿದ್ದ ಗೀರು ಮುಂದಿನ ಕೇಸನ್ನೂ ಹಿಡಿಯುತ್ತದೆ.

ಕೇಸು ಬೋಲ್ಟ್ ಮೇಲೇರಿ ಹ್ಯಾಂಡಲ್ ಕೆಳಗೆ ಸಿಕ್ಕಿದಾಗ ಎಳೆದಷ್ಟೂ ಬಿಗಿ. ಅಲ್ಲಿ ಉಲ್ಟಾ ಕೆಲಸ: ಮ್ಯಾಗಜೀನ್ ತೆಗೆದು, ಪಕ್ಕದ ಕಿಂಡಿಯಿಂದ ಉಪಕರಣದ ತುದಿಯಲ್ಲಿ ಬೋಲ್ಟನ್ನು ಹಿಂದಕ್ಕೆ ಒತ್ತಿ ಹಿಡಿದು, ಹ್ಯಾಂಡಲನ್ನು ಮುಂದಕ್ಕೆ ಹೊಡೆಯಿರಿ. ಬೆರಳು ಹಾಕಿದವರಿಗೆ ಉಗುರು ಉಳಿಯುವುದಿಲ್ಲ.

ಆದರೆ ಬಿಡಿಸುವುದರಲ್ಲಿ ಪಳಗಿ ಏನು ಲಾಭ, ಕಚ್ಚುವುದೇ ನಿಲ್ಲಬೇಕಲ್ಲ? ವಿಯೆಟ್ನಾಂನಲ್ಲಿ 1966ರ ಸುಮಾರಿಗೆ ಎಆರ್-15ರ ಸೇನಾ ರೂಪವಾದ ಎಂ16 ಇದೇ ರೀತಿ ಕಚ್ಚುತ್ತಿತ್ತು. ತೋಟಾದ ಮದ್ದುಪುಡಿ ಬದಲಾಗಿತ್ತು, ಚೇಂಬರಿಗೆ ಕ್ರೋಮ್ ಲೇಪನವಿರಲಿಲ್ಲ, ಸೈನಿಕರು ರಾಡ್ ಹಾಕಿ ಕೇಸು ತಳ್ಳುತ್ತಿದ್ದರು. ನನ್ನದೂ ಕ್ರೋಮಿಲ್ಲದ ನಳಿಗೆ. ಹತ್ತು ಡಾಲರ್ ಒಳಗಿನ ಚೇಂಬರ್ ಬ್ರಷ್ಷಿನಲ್ಲಿ ಸಾಲ್ವೆಂಟ್ ಹಚ್ಚಿ ಉಜ್ಜಿದಾಗ ಕರಿ ಕೆಸರೇ ಬಂತು. 

ಇನ್ನರ್ಧ ತಪ್ಪು ರೀಲೋಡಿಂಗ್‌ನದು. ಕೇಸನ್ನು ಮತ್ತೆ ಅಳತೆಗೆ ಒತ್ತುವ ಅಚ್ಚು (ಡೈ) ಕೇಸು ಹಿಡಿಯುವ ಶೆಲ್‌ಹೋಲ್ಡರ್‌ಗೆ ಮುಟ್ಟಿದರೆ ಸಾಕೆಂದುಕೊಂಡಿದ್ದೆ. ಕೇಸಿನ ಉದ್ದ ಅಳೆಯುವ ಸುಮಾರು 30 ಡಾಲರಿನ ಗೇಜಿನಲ್ಲಿ ಹಾಕಿದರೆ ನೂರಕ್ಕೆ ಇಪ್ಪತ್ತರಷ್ಟು ಕೇಸುಗಳು ತಲೆ ಎತ್ತಿ ನಿಂತವು. ಈಗ ಕೇಸಿನ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರು) ಇಂಚಿನ ಸಾವಿರದಲ್ಲಿ ಮೂರು-ನಾಲ್ಕು ಭಾಗ ಹಿಂದಕ್ಕೆ ತಳ್ಳುತ್ತೇನೆ. ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗ್ ಬದಲಿಸಿ ರಬ್ಬರ್ ಓ-ರಿಂಗ್ ಹಾಕಿದೆ. ಇದು ಕಚ್ಚುವುದನ್ನು ತಡೆಯದು, ಹಿಡಿತ ಹೆಚ್ಚಿಸುತ್ತದೆ. ಬೋಲ್ಟಿನ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಗ್ಯಾಸ್ ರಿಂಗ್ ದೂರುವ ಮೊದಲು ಕ್ಯಾರಿಯರನ್ನು ಚಾಚಿದ ಬೋಲ್ಟಿನ ಮೇಲೆ ನಿಲ್ಲಿಸಿ ನೋಡಿ. ತನ್ನ ಭಾರಕ್ಕೇ ಕುಸಿದರೆ ಮಾತ್ರ ರಿಂಗ್ ಸವೆದಿದೆ.

ಆಮೇಲೆ ಹೊಡೆದ ಆರುನೂರರಷ್ಟು ತೋಟಾಗಳಲ್ಲಿ ಒಂದು ಜಾಮ್, ಅದೂ ಬಾಯಿ ಬಾಗಿದ ಮ್ಯಾಗಜೀನ್‌ನದು. ಬಫರ್ ಬದಲಿಸು ಎಂದವರಲ್ಲಿ ಇಬ್ಬರು ಈಗ ನನ್ನ ಗೇಜು ಕಡ ಕೇಳುತ್ತಾರೆ.