ತಪ್ಪಿದ ಫೋಟೊಗಳ ಲೆಕ್ಕ ಬರೆದೇ ಕ್ಯಾಮೆರಾ ಬಾಡಿ ಬದಲಿಸಿದೆ: ನನ್ನ ಅನುಭವ

ಎರಡು ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು ಕೇಳಿದೆ. 'ಇನ್ನೂ ಡಿ500 ಹಿಡ್ಕೊಂಡು ಓಡಾಡ್ತಿದ್ದೀಯಲ್ಲ, ಈಗಲೇ ಮಾರಿಬಿಡು, ಆಮೇಲೆ ಕೇಳೋರು ಇರಲ್ಲ.' ಡಿ500 ಅಂದರೆ ನನ್ನ ನಿಕಾನ್ ಕ್ಯಾಮೆರಾ. 2022ರಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸಿದ ಮೇಲಂತೂ ಸಫಾರಿ ಜೀಪಿನಲ್ಲಿ ಪಕ್ಕ ಕೂತವರೆಲ್ಲ ಇದನ್ನೇ ಹೇಳುತ್ತಿದ್ದರು. ನಾನು ಮಾರಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತಂದು, ತಪ್ಪಿಹೋದ ಫೋಟೊಗಳ ಲೆಕ್ಕ ಬರೆಯಲು ಶುರು ಮಾಡಿದೆ. ಗೆಳೆಯರು ನಕ್ಕರು. ಒಬ್ಬನಂತೂ 'ಕಿರಾಣಿ ಅಂಗಡಿ ಇಡ್ತೀಯಾ' ಅಂದ. ಅವನೇ ಮೊನ್ನೆ ಫೋನ್ ಮಾಡಿ ಆ ಪುಟಗಳ ಫೋಟೊ ಕಳಿಸು ಅಂದ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಹಳೇ ತಪ್ಪು ಹೇಳಿಬಿಡುತ್ತೇನೆ. 2018ರಲ್ಲಿ ಹಳೇ ಕ್ಯಾಮೆರಾ ಡಿ7200 ಕೊಟ್ಟು ಡಿ500 ಕೊಂಡಾಗ ಯಾವ ಲೆಕ್ಕವನ್ನೂ ಹಾಕಿರಲಿಲ್ಲ. ಸೆಕೆಂಡಿಗೆ 10 ಫ್ರೇಮ್, 153 ಫೋಕಸ್ ಪಾಯಿಂಟ್, ಅಷ್ಟು ಸಾಕಾಗಿತ್ತು ನನಗೆ. ಒಂದು ಲಕ್ಷದ ಮೇಲೆ ಕೈಬಿಟ್ಟಿತು. ಆರು ತಿಂಗಳು ಫೋಟೊಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮೊದಲು ಅಲುಗಿದ ಫ್ರೇಮ್ ಐದು ಬರುತ್ತಿದ್ದವು, ಈಗ ಹತ್ತು ಬಂದವು, ಅಷ್ಟೇ. ಆ ಹಣದಲ್ಲಿ ಮೂವತ್ತು ಸಫಾರಿ ಆಗುತ್ತಿತ್ತು. ಮೈಸೂರಿನಿಂದ ಕಬಿನಿ ಸಫಾರಿ ಹೊರಡುವ ದಮ್ಮನಕಟ್ಟೆಗೆ ಪೆಟ್ರೋಲು, ಸೀಟು, ಕ್ಯಾಮೆರಾ ಶುಲ್ಕ ಎಲ್ಲ ಸೇರಿ ಆಗ ನನಗೆ ಒಂದು ಸಲಕ್ಕೆ ಮೂರು ಸಾವಿರದ ಆಸುಪಾಸು ಬೀಳುತ್ತಿತ್ತು. ನನ್ನ ಫೋಟೊಗಳು ಕ್ಯಾಲೆಂಡರಿಗೆ, ಹೋಮ್‌ಸ್ಟೇ ಗೋಡೆಗೆ ಹೋಗುತ್ತವೆ. ಅದರಿಂದ ಬಂದ ಹಣದಲ್ಲೇ ಮುಂದಿನ ಸಫಾರಿ, ಮುಂದಿನ ಲೆನ್ಸ್. ಹಾಗಾಗಿ ಆ ಒಂದು ಲಕ್ಷ ನನಗೆ ಬಹಳ ದಿನ ಚುಚ್ಚಿತು.

2022ರ ಜೂನ್‌ನಲ್ಲಿ ಪುಸ್ತಕ ಶುರುವಾಯಿತು. ನಿಯಮ ಸುಲಭ. ಸಫಾರಿ ಮುಗಿಸಿ ಬಂದ ರಾತ್ರಿಯೇ, ಒಂದು ಫೈಲನ್ನೂ ಅಳಿಸುವ ಮೊದಲು, ತಪ್ಪಿದ ಕ್ಷಣಗಳನ್ನು ಬರೆಯಬೇಕು. ಎಲ್ಲವನ್ನೂ ಅಲ್ಲ. ಸರಿಯಾಗಿ ಬಂದಿದ್ದರೆ ಪ್ರಿಂಟ್ ಹಾಕಿಸುತ್ತಿದ್ದೆ ಅನ್ನುವಂಥವನ್ನು ಮಾತ್ರ. ಒಂದೊಂದರ ಮುಂದೆ ಒಂದೇ ಒಂದು ಕಾರಣ. ಬೆಳಕು (ಸಾಲದ್ದು), ಕೈ (ಅಲುಗಿದ್ದು), ತಡ, ದೂರ, ಫೋಕಸ್. ಬಿಸಿಲಜಳ, ಧೂಳು, ಅಡ್ಡ ಬಂದ ಲಂಟಾನ ಪೊದೆ ಎಲ್ಲವೂ 'ದೂರ'ದಲ್ಲೇ ಬರುತ್ತವೆ. ಎರಡು ಕಾರಣ ಬರೆಯಲು ಬಿಟ್ಟರೆ ಮನಸ್ಸು ಮೋಸ ಮಾಡುತ್ತದೆ, ಎಲ್ಲದಕ್ಕೂ 'ಫೋಕಸ್' ಸೇರಿಸಿಬಿಡುತ್ತದೆ. ಬಾಡಿ ಕೊಳ್ಳುವ ಆಸೆ ಇದ್ದವನ ಕೈಬರಹವೇ ಹಾಗೆ. ಇನ್ನೊಂದು ನಿಯಮವನ್ನೂ ಮೊದಲ ಪುಟದಲ್ಲೇ ಬರೆದಿಟ್ಟೆ. ಒಂದು ವರ್ಷದಲ್ಲಿ ತಪ್ಪಿದ್ದರಲ್ಲಿ ಮೂರನೇ ಒಂದು ಭಾಗ ಬಾಡಿಯಿಂದಲೇ ತಪ್ಪಿದ್ದಾದರೆ ಹೊಸ ಬಾಡಿ. ಇಲ್ಲದಿದ್ದರೆ ಇಲ್ಲ.

ಹದಿನಾಲ್ಕು ತಿಂಗಳು, ಸುಮಾರು 40 ಸಫಾರಿ. ತಪ್ಪಿದ್ದು 210ರ ಹತ್ತಿರ. ನೆನಪಿನ ಮೇಲೆ ಹೇಳುವುದಾದರೆ ಬೆಳಕು 65, ಕೈ 50, ತಡ 35, ದೂರ 30, ಫೋಕಸ್ 30. ನನಗೇ ನಂಬಲಾಗಲಿಲ್ಲ. ಇಷ್ಟು ದಿನ ಡಿ500 ಫೋಕಸ್ ಹಿಡಿಯಲ್ಲ ಅಂತ ನಾನೂ ಅಲ್ಲಿ ಇಲ್ಲಿ ಹೇಳಿಕೊಂಡು ಬಂದಿದ್ದೆ.

ಆ ಮೂವತ್ತರಲ್ಲೂ ಇನ್ನೊಂದು ಪಾಠ ಇತ್ತು. ಅವುಗಳಲ್ಲಿ ಒಂದು ಹನ್ನೆರಡು ಫೋಟೊಗಳಲ್ಲಿ ಪ್ರಾಣಿಯ ಹಿಂದಿನ ಹುಲ್ಲು ಚೆನ್ನಾಗಿ ಶಾರ್ಪ್ ಇತ್ತು. ಪ್ರತಿ ಸಲವೂ ಹಿಂದೆಯೇ. ಸುಮ್ನೆ ಅನುಮಾನ ಬಂದು 200-500 ಲೆನ್ಸನ್ನು ಮನೆಯ ಟೆರೇಸಿನಲ್ಲಿ ಟ್ರೈಪಾಡಿಗೆ ಹಾಕಿ, ದೂರದಲ್ಲಿ ಓರೆಯಾಗಿ ಅಳತೆಪಟ್ಟಿ ಇಟ್ಟು ನೋಡಿದೆ. ಲೆನ್ಸಿನ ಫೋಕಸ್ ಹಿಂದಕ್ಕೆ ಬೀಳುತ್ತಿತ್ತು. ಫೋಕಸ್ ತಿದ್ದುವ ಎಎಫ್ ಫೈನ್ ಟ್ಯೂನ್‌ನಲ್ಲಿ ಮೈನಸ್ 7 ಕೊಟ್ಟ ಮೇಲೆ ಸರಿಹೋಯಿತು. ಅಂದರೆ ನಿಜವಾಗಿ ಬಾಡಿಯಿಂದ ತಪ್ಪಿದ್ದು 18. ಹತ್ತನೇ ಒಂದು ಭಾಗವೂ ಇಲ್ಲ. ಮೂರು ಲಕ್ಷದ ಮೇಲೆ ಕೊಟ್ಟು ನಿಕಾನಿನ ಹೊಸ ಬಾಡಿ ಝಡ್8 ತಂದಿದ್ದರೆ ನನಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಆ 18.

'ಕೈ' ಕಾಲಂ ಕಡಿಮೆಯಾದ ಕತೆ ಹೇಳಲೇಬೇಕು. ಅದು ಬಾಡಿಯ ವಿಷಯ ಅಲ್ಲ, ಆದರೂ ಇಡೀ ಪುಸ್ತಕದಲ್ಲಿ ಅತಿ ಜಾಸ್ತಿ ಲಾಭ ಕೊಟ್ಟದ್ದು ಅದೇ. ಲೆನ್ಸಿನ ಕೆಳಗೆ ಇಡುವ ಚೀಲಕ್ಕೆ, ಅಂದರೆ ಬೀನ್ ಬ್ಯಾಗಿಗೆ, ಏನು ತುಂಬಬೇಕು ಅಂತ ಒಂದು ಮಳೆಗಾಲ ಪೂರ್ತಿ ಪ್ರಯೋಗ ಮಾಡಿದೆ. ಥರ್ಮೋಕೋಲ್ ಗುಂಡು ಹಗುರ, ಆದರೆ ಜೀಪಿನ ನಡುಕವನ್ನು ತಡೆಯುವುದಿಲ್ಲ. ಅಕ್ಕಿ ಪರವಾಗಿಲ್ಲ. ರಾಗಿ ಲೆನ್ಸಿನ ಕೆಳಗೆ ನೀರಿನ ಹಾಗೆ ಹರಿದು ಕೂರುತ್ತದೆ, ಬಹಳ ಖುಷಿಯಾಗಿತ್ತು. ಆದರೆ ಜುಲೈನಲ್ಲಿ ಎರಡು ದಿನ ನೆನೆದು ಚೀಲದೊಳಗೇ ಮೊಳಕೆ ಬಂದು ವಾಸನೆ ಹಿಡಿಯಿತು. ಕೊನೆಗೆ ನಿಂತದ್ದು ಹುರುಳಿ. ಎರಡೂವರೆ ಕಿಲೋ, ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಹಳೇ ಜೀನ್ಸ್ ಬಟ್ಟೆ. ಮುನ್ನೂರು ರೂಪಾಯಿ ಖರ್ಚು. ಮುಂದಿನ ವರ್ಷ ಕೈ ಅಲುಗಿ ತಪ್ಪಿದ್ದು 50ರಿಂದ 15ಕ್ಕೆ ಇಳಿಯಿತು.

ಬೆಳಕಿನದು ಸ್ವಲ್ಪ ಕಷ್ಟ. ಮಳೆಗಾಲದ ಕಬಿನಿ ಗೊತ್ತಲ್ವಾ, ಸಂಜೆ ಐದೂವರೆಗೆ ಮರದ ಕೆಳಗೆ ಎಫ್5.6 ಅಪರ್ಚರಿನಲ್ಲಿ 1/250 ಶಟರ್ ಸ್ಪೀಡ್ ಸಿಗಬೇಕಾದರೆ ಐಎಸ್‌ಒ 6400. ಎಲ್ಲರೂ ಹೇಳಿದ್ದು 'ಫುಲ್ ಫ್ರೇಮ್ ತಗೋ, ನಾಯ್ಸ್ ಇರಲ್ಲ' ಅಂತ. ಫುಲ್ ಫ್ರೇಮ್ ಅಂದರೆ ಡಿ500ಗಿಂತ ದೊಡ್ಡ ಸೆನ್ಸರ್, ನಾಯ್ಸ್ ಅಂದರೆ ಬೆಳಕು ಕಡಿಮೆಯಾದಾಗ ಫೋಟೊದಲ್ಲಿ ಬರುವ ಕಾಳುಕಾಳು. ಇಲ್ಲೇ ಬಹಳ ಜನ ಜಾರುವುದು. ಮತ್ತಿ ಮರದ ಮೇಲೆ ಕೂತ ಚಿರತೆ ಚೌಕಟ್ಟಿನಲ್ಲಿ ಬೆರಳಷ್ಟು ಕಂಡರೆ, ಫುಲ್ ಫ್ರೇಮ್‌ನಲ್ಲಿ ತೆಗೆದರೂ ಆಮೇಲೆ ಕ್ರಾಪ್ ಮಾಡಲೇಬೇಕು. ಕ್ರಾಪ್ ಮಾಡಿ ಅಷ್ಟೇ ಜಾಗಕ್ಕೆ ಇಳಿಸಿದ ಮೇಲೆ ಸೆನ್ಸರಿನ ಅಷ್ಟೇ ಭಾಗ ಉಳಿಯುತ್ತದೆ. ಫುಲ್ ಫ್ರೇಮ್ ಝಡ್8ರ 45.7 ಮೆಗಾಪಿಕ್ಸೆಲ್, ಡಿ500ರ ಸೆನ್ಸರ್ ಅಳತೆಯ ಡಿಎಕ್ಸ್ ಕ್ರಾಪ್‌ನಲ್ಲಿ ಸುಮಾರು 19 ಆಗುತ್ತದೆ. ಡಿ500ದು 20.9. ಪ್ರಾಣಿ ಚೌಕಟ್ಟು ತುಂಬುವಷ್ಟು ಹತ್ತಿರ ಬಂದರೆ ಫುಲ್ ಫ್ರೇಮ್ ಖಂಡಿತ ಮೇಲು. ನನ್ನ ಫೋಟೊಗಳಲ್ಲಿ ಮುಕ್ಕಾಲು ಭಾಗ ಹಾಗೆ ಹತ್ತಿರ ಬಂದವಲ್ಲ.

ಇದರ ನಡುವೆ 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ಬಂತು. ಕೆಟ್ಟವು ಅಂತ ಪಕ್ಕಕ್ಕಿಟ್ಟಿದ್ದ ಹಳೇ ಐಎಸ್‌ಒ 6400 ಫೈಲುಗಳನ್ನು ಮತ್ತೆ ತೆಗೆದೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಒಂದು ಫೋಟೊಗೆ ಎಂಟು ಹತ್ತು ನಿಮಿಷ ಹಿಡಿಯುತ್ತಿತ್ತು, ರಾತ್ರಿ ಹಾಕಿ ಮಲಗುತ್ತಿದ್ದೆ. ಬೆಳಕಿನ 65ರಲ್ಲಿ ಒಂದು 20 ಬದುಕಿ ಬಂದವು. ಅದರಲ್ಲೊಂದು, ಮಳೆಯಲ್ಲಿ ನೆನೆದ ಸೀಳುನಾಯಿ ಗುಂಪು, ಮುಂದಿನ ವರ್ಷ ಕ್ಯಾಲೆಂಡರಿನ ಜುಲೈ ಪುಟವಾಯಿತು.

ಅದೇ ಆಗಸ್ಟಿನಲ್ಲಿ ಹೊಸ ಬಾಡಿ ಕೊಳ್ಳಲು ಇಟ್ಟಿದ್ದ ಹಣದಲ್ಲಿ 500 ಪಿಎಫ್ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಒಂದು ಲಕ್ಷದ ಅರವತ್ತೈದು ಸಾವಿರದ ಹತ್ತಿರ. 200-500 ಎರಡು ಕಿಲೋ ಮುನ್ನೂರು ಗ್ರಾಂ, ಇದು ಒಂದೂವರೆ ಕಿಲೋಗಿಂತ ಕಡಿಮೆ. ಎಫ್ ಸಂಖ್ಯೆ ಅದೇ 5.6. 'ಅದೇ ಅಪರ್ಚರಿಗೆ ಮತ್ತೆ ದುಡ್ಡು ಹಾಕಿದೆಯಾ' ಅಂತ ಬೈಸಿಕೊಂಡೆ. ಆದರೆ 'ತಡ' ಕಾಲಂ ಅರ್ಧಕ್ಕಿಂತ ಕೆಳಗಿಳಿಯಿತು. ಕೈಯಲ್ಲೇ ಹಿಡಿದು ಕೂರಬಹುದು, ಜಿಂಕೆಯ ಎಚ್ಚರಿಕೆ ಕೂಗು ಕೇಳಿದ ಕೂಡಲೇ ತಿರುಗಬಹುದು. ನನ್ನ ಜತೆ ಬರುತ್ತಿದ್ದ ಒಬ್ಬರು ಅದೇ ಸಮಯಕ್ಕೆ ದೊಡ್ಡ ಬಾಡಿ ಕೊಂಡು, ಲೆನ್ಸಿಗೆ ಹಣ ಸಾಲದೆ ವರ್ಷದೊಳಗೆ ಮಾರಿ ಒಂದೂವರೆ ಲಕ್ಷ ಕಳೆದುಕೊಂಡರು. ನೋಡಿ ಬೇಜಾರಾಯಿತು.

ಲೆನ್ಸ್ ಹಗುರವಾದ ಮೇಲೆ ನಾನು ಹಕ್ಕಿಗಳ ಕಡೆ ತಿರುಗಿದೆ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿ, ಕಾವೇರಿ ದಡ. ಬೇಸಿಗೆಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಮಣ್ಣಿನ ದಿಬ್ಬದಲ್ಲಿ ಬಿಲ ಕೊರೆದು ಮರಿ ಮಾಡುತ್ತವೆ. ಏರೋಪ್ಲೇನ್ ಚಿಟ್ಟೆ ಹಿಡಿದು ಬಾಣದ ಹಾಗೆ ಬರುತ್ತವೆ. ಇಲ್ಲಿ ಪುಸ್ತಕದ ಬಣ್ಣವೇ ಬದಲಾಯಿತು. ಎರಡನೇ ಸುತ್ತಿನ ಲೆಕ್ಕದಲ್ಲಿ ತಪ್ಪಿದ್ದು 160, ಅದರಲ್ಲಿ ಫೋಕಸ್ಸೇ 90. ಲೆನ್ಸ್ ಸರಿ ಇತ್ತು, ಶಟರ್ ಸ್ಪೀಡ್ 1/3200 ಇತ್ತು, ಕೈ ಸರಿ ಇತ್ತು. ಹಿಂದಿನ ದಡಕ್ಕೆ ಫೋಕಸ್ ಜಿಗಿದುಬಿಡುತ್ತಿತ್ತು. ಮೂರನೇ ಒಂದು ಭಾಗ ಯಾವಾಗಲೋ ದಾಟಿ ಹೋಗಿತ್ತು.

ಆದರೂ ನೇರ ಅಂಗಡಿಗೆ ಹೋಗಲಿಲ್ಲ. 2024ರ ಫೆಬ್ರವರಿಯಲ್ಲಿ ಝಡ್8ಗೆ ಹಕ್ಕಿಗಳನ್ನೇ ಗುರುತಿಸುವ ಫರ್ಮ್‌ವೇರ್ ಬಂದಿತ್ತು. ಏಪ್ರಿಲ್ ಕೊನೆಯಲ್ಲಿ ಮೂರು ದಿನಕ್ಕೆ ಬಾಡಿಗೆಗೆ ತಂದೆ. ಬಾಡಿ, ನನ್ನ ಲೆನ್ಸನ್ನು ಅದಕ್ಕೆ ಸಿಕ್ಕಿಸುವ ಎಫ್‌ಟಿಝಡ್ ಅಡಾಪ್ಟರ್, ಕಾರ್ಡ್ ಸೇರಿ ದಿನಕ್ಕೆ ಮೂರೂವರೆ ಸಾವಿರ, ಠೇವಣಿ ಐವತ್ತು ಸಾವಿರ. ಮೊದಲ ದಿನ ಪೂರ್ತಿ ಹಾಳು. ಕೊಟ್ಟಿದ್ದ ಅಡಾಪ್ಟರಿನ ಸಂಪರ್ಕ ಸಡಿಲ, ನಾಲ್ಕು ಫ್ರೇಮಿಗೊಮ್ಮೆ ಲೆನ್ಸ್ ಕಾಣುತ್ತಿಲ್ಲ ಅಂತ ಪರದೆ ಮೇಲೆ ಬರುತ್ತಿತ್ತು. ಬದಲಿಸಿ ಕೊಟ್ಟರು, ಆ ದಿನದ ಬಾಡಿಗೆ ಮಾತ್ರ ವಾಪಸ್ ಕೊಡಲಿಲ್ಲ. ಬಾಡಿಗೆಗೆ ತರುವವರು ಅಂಗಡಿಯಲ್ಲೇ ನಿಂತು ಇನ್ನೂರು ಫ್ರೇಮ್ ಹೊಡೆದು ನೋಡಿ ತನ್ನಿ.

ಉಳಿದ ಎರಡು ದಿನ ಗಂಟೆಗೊಮ್ಮೆ ಬಾಡಿ ಬದಲಿಸಿದೆ. ಲೆನ್ಸ್ ಅದೇ 500 ಪಿಎಫ್, ಜಾಗ ಅದೇ, ದಿಬ್ಬದಿಂದ ಸಾಕಷ್ಟು ದೂರ, ಹಕ್ಕಿ ಹೆದರಿ ಬಿಲದ ಬಾಗಿಲಲ್ಲಿ ಹಿಂದೆ ಮುಂದೆ ನೋಡುವಂತೆ ಆಗಬಾರದು. ಒಂದೊಂದು ಬಾಡಿಯಲ್ಲಿ ನೂರು ಹಾರಾಟ. ಡಿ500ರಲ್ಲಿ ಕಣ್ಣು ಶಾರ್ಪ್ ಬಂದದ್ದು 22. ಝಡ್8ರಲ್ಲಿ 58. ಕೊಂಬೆಯಿಂದ ಹಾರುವ ಕ್ಷಣಕ್ಕೆ, ಬಟನ್ ಪೂರ್ತಿ ಒತ್ತುವ ಮೊದಲಿನ ಫ್ರೇಮ್‌ಗಳನ್ನೂ ಉಳಿಸುವ ಪ್ರಿ-ರಿಲೀಸ್ ಕೂಡ ಹಾಕಿ ನೋಡಿದೆ. ಜೆಪೆಗ್ ಮಾತ್ರ ಸಿಗುತ್ತದೆ, ಆದರೂ ರೆಕ್ಕೆ ಬಿಚ್ಚುವ ಮೊದಲ ಫ್ರೇಮನ್ನು ನಾನು ಹಿಂದೆಂದೂ ತೆಗೆದಿರಲಿಲ್ಲ, ಆ ದಿನ ಆರು ಸಿಕ್ಕವು. ಮನೆಗೆ ಬಂದು ನಾಯ್ಸ್ ಕೂಡ ಹೋಲಿಸಿದೆ. ಎರಡೂ ಬಾಡಿಯ ಒಂದೊಂದು ಫೋಟೊವನ್ನು 20×30 ಇಂಚು ಪ್ರಿಂಟ್ ಹಾಕಿಸಿ ನನ್ನ ಫೋಟೊ ಕೊಳ್ಳುವವರಿಗೆ ತೋರಿಸಿದೆ. ಯಾವುದು ಯಾವುದು ಅಂತ ಯಾರೂ ಹೇಳಲಿಲ್ಲ. ಅಂದರೆ ನಾನು ಹಣ ಕೊಡುತ್ತಿರುವುದು ಫೋಕಸ್ಸಿಗೆ, ಚಿತ್ರದ ಗುಣಕ್ಕಲ್ಲ.

ಡಿಸೆಂಬರ್‌ವರೆಗೆ ಕಾದು ಸೆಕೆಂಡ್ ಹ್ಯಾಂಡ್ ಝಡ್8 ತಂದೆ, ಎರಡು ಲಕ್ಷದ ಮೂವತ್ತೈದು ಸಾವಿರ. ಮಾರುವವರು ಶಟರ್ ಕೌಂಟ್, ಅಂದರೆ ಹೊಡೆದ ಕ್ಲಿಕ್ಕುಗಳ ಲೆಕ್ಕ, ಕಡಿಮೆ ಅಂತ ಬೆಲೆ ಏರಿಸುತ್ತಾರೆ. ಈ ಬಾಡಿಯಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಸವೆಯುವುದಕ್ಕೆ ಏನಿದೆ? ಮೌಂಟು, ಕಾರ್ಡ್ ಬಾಗಿಲು, ಪೋರ್ಟುಗಳು, ಸೆನ್ಸರ್ ಮೇಲಿನ ಗೀರು ನೋಡಿ. ಜಾಸ್ತಿ ಕೌಂಟ್ ಇರುವುದನ್ನೇ ಹುಡುಕಿ ಕೊಂಡೆ, ಅದರಲ್ಲೇ ಇಪ್ಪತ್ತು ಸಾವಿರ ಉಳಿಯಿತು. ಉಳಿದ ಚೌಕಾಸಿ ಹೇಗೆ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹಾಗೆಯೇ ಹಿಂದಿನ ಎರಡು ಬಟನ್‌ಗೆ ಯಾವ ಎಎಫ್ ಮೋಡ್ ಕೊಟ್ಟಿದ್ದೇನೆ ಅನ್ನುವುದನ್ನೂ ಬರೆಯುವುದಿಲ್ಲ. ನಾಲ್ಕು ತಿಂಗಳು ಬೆಳಿಗ್ಗೆ ಲಿಂಗಾಂಬುಧಿ ಕೆರೆಯಲ್ಲಿ ನಿಂತು ಕಂಡುಕೊಂಡದ್ದು ಅದು. ಈಗ ನೂರರಲ್ಲಿ 70ರವರೆಗೆ ಬರುತ್ತಿದೆ, ನನಗೆ ಗೊತ್ತಿರುವ ಯಾರಿಗೂ ಅಷ್ಟು ಬರುತ್ತಿಲ್ಲ.

ಹೊಸ ಬಾಡಿಯ ತಪ್ಪುಗಳೂ ಪುಸ್ತಕದಲ್ಲಿವೆ. ಜನವರಿಯಲ್ಲಿ ದಮ್ಮನಕಟ್ಟೆಯಲ್ಲಿ ಚಿರತೆ ದಾರಿ ದಾಟಿತು. ಕ್ಯಾಮೆರಾ ಕಣ್ಣಿಗಿಟ್ಟೆ, ವ್ಯೂಫೈಂಡರ್ ಕಪ್ಪು. ನಿದ್ದೆಯಿಂದ ಎದ್ದು ಚಿತ್ರ ತೋರಿಸುವಷ್ಟರಲ್ಲಿ ಬಾಲ ಮಾತ್ರ ಉಳಿದಿತ್ತು. ಡಿ500 ಆಗಿದ್ದರೆ ಕಣ್ಣಿಟ್ಟ ಕೂಡಲೇ ಕಾಣುತ್ತಿತ್ತು. ಆ ರಾತ್ರಿ ಹೊಸ ಕಾಲಂ ಎಳೆದು 'ನಿದ್ದೆ' ಅಂತ ಬರೆದೆ. ಸ್ಟ್ಯಾಂಡ್‌ಬೈ ಸಮಯ ಹೆಚ್ಚಿಸಿದ ಮೇಲೆ ಬ್ಯಾಟರಿ ಕರಗತೊಡಗಿತು. ಡಿ500ರಲ್ಲಿ ಒಂದು ಬ್ಯಾಟರಿ ಎರಡು ದಿನ ಬರುತ್ತಿತ್ತು, ಇದಕ್ಕೆ ಒಂದು ಸಫಾರಿಗೆ ಎರಡು ಬೇಕು. ಇನ್ನೂ ಮೂರು ಬ್ಯಾಟರಿ ಕೊಂಡೆ, ಹನ್ನೆರಡು ಸಾವಿರ. ಸೆಕೆಂಡಿಗೆ 20 ಫ್ರೇಮ್ ಹೊಡೆದು ಮೊದಲ ತಿಂಗಳಲ್ಲೇ ಒಂದು ಟಿಬಿ ತುಂಬಿತು, ಅದಕ್ಕೆ ಹಾರ್ಡ್ ಡಿಸ್ಕ್. ಈಗ ಸಸ್ತನಿಗಳಿಗೆ 10 ಫ್ರೇಮ್‌ಗೆ ಇಳಿಸಿದ್ದೇನೆ. ಈ ಖರ್ಚುಗಳನ್ನು ಬಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ, ನನಗೆ ಒಟ್ಟು ಎರಡು ಲಕ್ಷ ಎಪ್ಪತ್ತರ ಹತ್ತಿರ ಆಯಿತು.

ಡಿ500 ಮಾರಲಿಲ್ಲ. ನಲವತ್ತು ನಲವತ್ತೈದು ಸಾವಿರ ಕೊಡುತ್ತೇವೆ ಅಂದರು. ಆ ಹಣಕ್ಕೆ ಇಂಥ ಎರಡನೇ ಬಾಡಿ ಎಲ್ಲಿ ಸಿಗುತ್ತದೆ? ನಿಕಾನ್ ಅದರ ಶಟರನ್ನು 2 ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿದ್ದು, ನನ್ನದು 2 ಲಕ್ಷ 10 ಸಾವಿರ ದಾಟಿ ಇನ್ನೂ ಗಟ್ಟಿಯಾಗಿ ಸದ್ದು ಮಾಡುತ್ತಿದೆ. 200-500 ಅದಕ್ಕೇ ಸಿಕ್ಕಿಸಿ ಜೀಪಿನಲ್ಲಿ ಪಕ್ಕದಲ್ಲಿಟ್ಟಿರುತ್ತೇನೆ. ಕಾಟಿಗಳು ದಾರಿಗೇ ಬಂದು ನಿಂತಾಗ ಕೈ ಹೋಗುವುದು ಅದರ ಮೇಲೇ.

ಈ ವರ್ಷದ ಪುಸ್ತಕದಲ್ಲಿ ಇವತ್ತಿನವರೆಗೆ ತಪ್ಪಿದ್ದು 64. ಫೋಕಸ್ 11, ನಿದ್ದೆ 3. ಬೆಳಕು ಮತ್ತೆ ಮೇಲೆ ಬಂದಿದೆ, 27. ಹೆಚ್ಚು ಬೆಳಕು ಬಿಡುವ ಎಫ್4 ಲೆನ್ಸ್ ತಗೋ ಅನ್ನುವ ಮಾತು ಈಗ ಜೀಪಿನಲ್ಲಿ ಶುರುವಾಗಿದೆ. ಮುಂದಿನ ತಿಂಗಳು 600 ಎಫ್4 ಎರಡು ದಿನಕ್ಕೆ ಬಾಡಿಗೆಗೆ ಹೇಳಿದ್ದೇನೆ, ಭದ್ರಾದಲ್ಲಿ ನದಿ ರೀವ ಹಕ್ಕಿಗಳ ದ್ವೀಪದ ಹತ್ತಿರ ದೋಣಿಯಲ್ಲಿ ಅಷ್ಟು ಭಾರ ಎತ್ತಿ ತಿರುಗಿಸಲು ಆಗುತ್ತದಾ ಅಂತ ಮೊದಲು ನೋಡಬೇಕು.