ಮಂಡಿ ಕೀಲು ಬದಲಾವಣೆಯ ಫಲವನ್ನು ಅಳೆಯುವ ಕ್ರಮ

ಮಂಡಿ ಕೀಲು ಬದಲಾಯಿಸಿಕೊಂಡವರನ್ನು ಆರು ತಿಂಗಳ ಮೇಲೆ ‘ಹೇಗಿದ್ದೀರಿ’ ಎಂದು ಕೇಳಿದರೆ ಬಹುಮಂದಿ ‘ಪರವಾಗಿಲ್ಲ’ ಎನ್ನುತ್ತಾರೆ. ಈ ಉತ್ತರದಿಂದ ನೋವು ಎಷ್ಟು ತಗ್ಗಿತೆಂಬುದು ತಿಳಿಯುವುದಿಲ್ಲ. ಎಕ್ಸ್‌ರೇಯಲ್ಲಿ ಕೀಲು ಸರಿಯಾಗಿ ಕೂತಿದ್ದರೂ ರೋಗಿಗೆ ತೃಪ್ತಿ ಇಲ್ಲದಿರಬಹುದು. ಆದ್ದರಿಂದ ಒಂದೇ ಪ್ರಶ್ನಾವಳಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ನಂತರವೂ ಬಳಸಬೇಕು.

ಹೆಚ್ಚು ಬಳಕೆಯಲ್ಲಿರುವುದು 1998ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ನೀ ಸ್ಕೋರ್. ಕಳೆದ ನಾಲ್ಕು ವಾರಗಳ ನೋವು, ನಡಿಗೆ, ಮೆಟ್ಟಿಲಿಳಿಯುವಿಕೆ, ರಾತ್ರಿಯ ನಿದ್ದೆ ಮುಂತಾದವುಗಳ ಕುರಿತು 12 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕಗಳಿವೆ. ಒಟ್ಟು 48 ಬಂದರೆ ಸ್ಥಿತಿ ಅತ್ಯುತ್ತಮ. ಹಳೆಯ ಪದ್ಧತಿಯಲ್ಲಿ ಲೆಕ್ಕ ತಿರುವುಮುರುವಾಗಿದ್ದು, 12 ಅತ್ಯುತ್ತಮವೂ 60 ಅತಿ ಕೆಟ್ಟದ್ದೂ ಆಗಿರುತ್ತಿದ್ದುದರಿಂದ ಹಳೆಯ ವರದಿಗಳೊಡನೆ ಹೋಲಿಸುವಾಗ ಯಾವ ಪದ್ಧತಿ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಬಳಕೆಗೆ ಪರವಾನಗಿ ಬೇಕು.

ಮೊದಲ ಅಳತೆಯನ್ನು ಆಸ್ಪತ್ರೆಗೆ ದಾಖಲಾಗುವ ಮುನ್ನ, ಹೊರರೋಗಿ ವಿಭಾಗದಲ್ಲೇ ಮುಗಿಸುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಆತಂಕದಲ್ಲಿರುವವರಿಂದ ನಿಜವಾದ ಉತ್ತರ ಸಿಗುವುದು ಕಷ್ಟ. ಮೊದಲ ಅಳತೆ ತಪ್ಪಿಹೋದರೆ, ಆಮೇಲೆ ನೆನಪಿನಿಂದ ಬರೆಸಿದ ಅಂಕವನ್ನು ಅದರ ಜಾಗದಲ್ಲಿ ಇಡುವಂತಿಲ್ಲ. ಓದಲು ಬಾರದವರಿಗೆ ಪ್ರಶ್ನೆಯನ್ನು ಇದ್ದಂತೆಯೇ ಓದಿ ಹೇಳಬೇಕು; ಓದುವವರು ಶಸ್ತ್ರಚಿಕಿತ್ಸಕರೂ ಆಗಿರಬಾರದು, ತಾಯಿಯ ಪರವಾಗಿ ತಾನೇ ಉತ್ತರಿಸುವ ಮಗನೂ ಆಗಿರಬಾರದು. ಓದುತ್ತ ಓದುತ್ತ ಮನಸ್ಸಿಗೆ ತೋಚಿದ ಕನ್ನಡಕ್ಕೆ ತಿರುಗಿಸಿದರೆ ಇಬ್ಬರು ರೋಗಿಗಳ ಅಂಕ ಹೋಲಿಕೆಗೆ ಸಿಗುವುದಿಲ್ಲವಾದ್ದರಿಂದ, ಪರೀಕ್ಷೆಗೊಳಪಟ್ಟ ಅನುವಾದವನ್ನಷ್ಟೇ ಬಳಸಬೇಕು. ಎಡಗಾಲೋ ಬಲಗಾಲೋ ಎಂಬುದನ್ನು ಹಾಳೆಯ ಮೇಲೆ ಬರೆಯುವುದನ್ನು ಮರೆಯಬಾರದು. ಎರಡೂ ಮಂಡಿ ಸವೆದವರಲ್ಲಿ ಗೊಂದಲ ಹುಟ್ಟುವುದು ಇಲ್ಲೇ.

ನಮ್ಮಲ್ಲಿ ಒಂದು ವಿಶೇಷವಿದೆ. ಪ್ರಶ್ನಾವಳಿ ಮಂಡಿಯೂರಿ ಏಳುವುದನ್ನು ಕೇಳುತ್ತದೆಯೇ ಹೊರತು ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದನ್ನಾಗಲಿ ಕುಕ್ಕರಗಾಲಿನಲ್ಲಿ ಕೂರುವುದನ್ನಾಗಲಿ ಕೇಳುವುದಿಲ್ಲ. ಇವನ್ನು ಮೂಲ ಪ್ರಶ್ನೆಗಳೊಳಗೆ ಸೇರಿಸದೆ ಬೇರೆ ಹಾಳೆಯಲ್ಲಿ ಬರೆದಿಡುವುದು ಸೂಕ್ತ. ಜೊತೆಗೆ ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಮಂಡಿ ಮಡಚುವ ಕೋನವನ್ನೂ, ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು ಮರಳಿ ಬಂದು ಕೂರಲು ಹಿಡಿಯುವ ಸೆಕೆಂಡುಗಳನ್ನೂ ದಾಖಲಿಸಬೇಕು.

ಎರಡನೆಯ ಅಳತೆ ಆರು ತಿಂಗಳಿಗೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2009ರಿಂದ ಇದೇ ಅವಧಿಯನ್ನು ಅನುಸರಿಸಿತು. ಸಾಧ್ಯವಾದರೆ ವರ್ಷಕ್ಕೊಮ್ಮೆ ಮತ್ತೆ ಅಳೆಯಬಹುದು. ಮೊದಲು 17 ಇದ್ದು ಈಗ 36 ಆಗಿದ್ದರೆ ಸುಧಾರಣೆ 19 ಅಂಕ. ಸುಮಾರು 5 ಅಂಕಕ್ಕಿಂತ ಕಡಿಮೆ ವ್ಯತ್ಯಾಸ ರೋಗಿಯ ಅನುಭವಕ್ಕೆ ಬರುವುದು ಅನುಮಾನ. ಆದರೆ 40ರಿಂದ ಹೊರಟವರು ಹೆಚ್ಚೆಂದರೆ 8 ಅಂಕವಷ್ಟೇ ಗಳಿಸಬಲ್ಲರಾದ್ದರಿಂದ, ಸುಧಾರಣೆಯನ್ನು ಮೊದಲ ಅಂಕದ ಪಕ್ಕದಲ್ಲಿಟ್ಟೇ ಓದಬೇಕು. ಎರಡಕ್ಕಿಂತ ಹೆಚ್ಚು ಪ್ರಶ್ನೆಗಳು ಖಾಲಿಯಿದ್ದರೆ ಒಟ್ಟು ಅಂಕ ಹಾಕುವಂತಿಲ್ಲ.

ಮರುಭೇಟಿಗೆ ಬಾರದವರಿಗೆ ಫೋನ್ ಮಾಡಿಯಾದರೂ ಉತ್ತರ ಪಡೆಯಬೇಕು. ನೋವು ಉಳಿದವರು ಬೇರೆ ವೈದ್ಯರನ್ನು ಹುಡುಕಿಕೊಂಡು ಹೋಗಿದ್ದರೆ, ಬಂದವರಷ್ಟನ್ನೇ ಲೆಕ್ಕ ಹಾಕಿದ ಆಸ್ಪತ್ರೆಯ ಸರಾಸರಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.