ಸೋವಿ ಐತಂತ ಬಿಲ್ಲಿಂಗ್ ಸಾಫ್ಟ್‌ವೇರ್ ತೊಗೊಳ್ಳೂ ಮೊದ್ಲ

ಬ್ಯಾಡಗಿಯೊಳಗ ಮೆಣಸಿನಕಾಯಿ ಅಂಗಡಿ ಇರ್ಲಿ, ಹುಬ್ಬಳ್ಳಿ ದುರ್ಗದಬೈಲಾಗ ಅರಿವಿ ಅಂಗಡಿ ಇರ್ಲಿ, ಮೊದಲ ವರ್ಷ ಪುಕ್ಕಟೆ ಅಂತ ಯಾರರೆ ಬಂದ್ರ ರೇಟ್ ಆಮ್ಯಾಲ ಕೇಳ್ರಿ, ಮೊದ್ಲ ಡೆಮೋದಾಗ ಪೂರ್ತಿ ಲೆಕ್ಕ ಸಿಎಸ್‌ವಿ ಫೈಲಾಗಿ (ಯಾವ ಸಾಫ್ಟ್‌ವೇರ್‌ನ್ಯಾಗರೆ ತೆರ್ಯಾಕ ಬರೂ ಸಾದಾ ಪಟ್ಟಿ ಫೈಲ್) ಹೊರಗ ತಗದು ತೋರ್ಸ್ರಿ ಅನ್ರಿ, ಅದನ್ನ ಲಿಬ್ರೆಆಫೀಸ್ ಅನ್ನೂ ಪುಕ್ಕಟೆ ಆಫೀಸ್ ಸಾಫ್ಟ್‌ವೇರ್‌ನ್ಯಾಗ ಯುಟಿಎಫ್-8 (ಕನ್ನಡ ಅಕ್ಷರ ಸರಿ ಕಾಣೂ ಕೋಡ್) ಆರಿಸಿ ತೆರದು ಗಿರಾಕಿ ಹೆಸರು, ತಾರೀಖು, ಬಾಕಿ ಸರಿ ಅದಾವೇನು ನೋಡ್ರಿ. ಇಲ್ಲಂದ್ರ ಬ್ಯಾಡ ಅನ್ರಿ. ಡೇಟಾ ಅವರ ಫಾರ್ಮ್ಯಾಟ್‌ನ್ಯಾಗ ಸಿಕ್ಕೊಂಡ ಮ್ಯಾಲೆ ರೇಟ್ ಎಷ್ಟ ಏರಿಸಿದ್ರೂ ಕೊಡೂದ ಆಗ್ತೈತಿ, ಇದು ನನಗ ಭಾಳ ಸಿಟ್ಟು ಬರ್ಸೂ ವಿಷಯ.

ಪತ್ರ, ಪಟ್ಟಿ ಓಡಿಎಫ್ ಅನ್ನೂ ಎಲ್ಲಾರಿಗೂ ಮುಕ್ತ ಇರೂ ಫೈಲ್ ಫಾರ್ಮ್ಯಾಟ್‌ನ್ಯಾಗ ಇಡ್ರಿ, 2006ರಾಗ ಅದು ಐಎಸ್‌ಒ (ಅಂತರರಾಷ್ಟ್ರೀಯ) ಸ್ಟ್ಯಾಂಡರ್ಡ್ ಆಗೇತಿ, ಅದನ್ನ ಓದೂ ಸಾಫ್ಟ್‌ವೇರ್ ಯಾರ ಬೇಕಾದ್ರೂ ಮಾಡ್ಬೋದು. ಹಳೇ ಆಸ್ಕಿ ಫಾಂಟಿನ (ಆ ಫಾಂಟ್ ಇಲ್ಲಂದ್ರ ಕನ್ನಡ ಕಾಣದ) ಕನ್ನಡ ಫೈಲ್ ಇದ್ರ ಯುನಿಕೋಡ್‌ಗೆ (ಎಲ್ಲಾ ಕಡೆ ನಡ್ಯೂ ಅಕ್ಷರ ಕೋಡ್) ಕನ್ವರ್ಟ್ ಮಾಡಿ ಒತ್ತಕ್ಷರ ಚೆಕ್ ಮಾಡ್ರಿ. ತಿಂಗಳಿಗೊಮ್ಮೆ ಸಿಎಸ್‌ವಿ ತಗದು ಪೆನ್‌ಡ್ರೈವ್‌ಗೆ ಹಾಕ್ರಿ.